ಗೋಪ್ಯದ ಹಕ್ಕು ಯಜಮಾನರಿಗೆ ಮಾತ್ರವೆ?

ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ‘ಖಾಸಗಿತನ’ವೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಲಿದೆ. ಮಾತು ಪರದೇಶದ್ದಾದರೂ ವಸ್ತುವು ನಮಗೆ ಹೊಸತಲ್ಲ. ಪರರ ಹೊಸ್ತಿಲಲ್ಲಿ ನಿಂತು ಕೆಮ್ಮಿ, ಒಳಗಿನವರು ಕರೆದ ಮೇಲೆಯೇ ಕಾಲಿಡುತ್ತಿದ್ದ ಹಿರಿಯರಿಗೆ ಅದರ ಮರ್ಮವು ತಿಳಿದಿದ್ದಿತು. ಆದರೆ ಹೊಸ್ತಿಲಿನ ಮರ್ಯಾದೆಯು ಬೇರೆ, ಶಾಸನದ ರಕ್ಷಣೆಯು ಬೇರೆ.

ಈ ಎರಡನೆಯದಕ್ಕಾಗಿ ಹೋರಾಡಿದವರು ನಮ್ಮ ಬೆಂಗಳೂರಿನ ವೃದ್ಧರೊಬ್ಬರು. ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಪಾರ್ಲಿಮೆಂಟಿನ ಶಾಸನವೇ ಇಲ್ಲದೆ ಪ್ರಜೆಗಳ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಸರ್ಕಾರವು ಆಗ ಸಂಗ್ರಹಿಸುತ್ತಿದ್ದಿತು. ಸರ್ಕಾರದವರು 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಹಿಡಿದು, ಅಂತಹ ಮೂಲಭೂತ ಹಕ್ಕೇ ಇಲ್ಲವೆಂದು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಕಂಠದಿಂದ, 21ನೆಯ ಅನುಚ್ಛೇದವು ಹೇಳುವ ಜೀವ ಮತ್ತು ಸ್ವಾತಂತ್ರ್ಯಗಳಲ್ಲಿಯೇ ಅದು ಅಡಗಿದೆಯೆಂದು ತೀರ್ಮಾನಿಸಿದರು. 2018ರ ತೀರ್ಪು ಯೋಜನೆಯನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಖಾಸಗಿ ಕಂಪನಿಗಳಿಗೆ 57ನೆಯ ಪ್ರಕರಣವು ತೆರೆದಿದ್ದ ಬಾಗಿಲನ್ನು ಮುಚ್ಚಿತು. 2019ರ ತಿದ್ದುಪಡಿಯು ‘ಸ್ವ-ಇಚ್ಛೆ’ಯೆಂಬ ಮಾತನ್ನು ಮುಂದಿಟ್ಟುಕೊಂಡು ಅದನ್ನು ಸ್ವಲ್ಪ ತೆರೆಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಗೊಟ್ಟಿಗೆರೆಗೆ ಬರೋಣ. ಬನ್ನೇರುಘಟ್ಟದ ರಸ್ತೆಯ ಬದಿಯಲ್ಲೆದ್ದಿರುವ ಬಹುಮಹಡಿಯ ವಸತಿಗಳಲ್ಲಿ ಈ ತೀರ್ಪನ್ನು ಕೊಂಡಾಡುವವರಿಗೆ ಕೊರತೆಯಿಲ್ಲ. ಅಂತಹ ವಸತಿಗಳ ಬಾಗಿಲಿನಲ್ಲಿಯೇ, ಮುಸುರೆ ತಿಕ್ಕಲು ಬರುವ ಹೆಂಗಸು ಆಧಾರ್ ಚೀಟಿಯ ನಕಲನ್ನು ಒಪ್ಪಿಸಬೇಕು, ಭಾವಚಿತ್ರವನ್ನು ಕೊಡಬೇಕು, ಮರಳುವಾಗ ಚೀಲವನ್ನು ಬಿಚ್ಚಿ ತೋರಿಸಬೇಕು. ಆ ನಕಲು ಯಾವ ಪೆಟ್ಟಿಗೆಯಲ್ಲಿದೆ, ಅವಳು ಕೆಲಸ ಬಿಟ್ಟ ಮೇಲೆ ಅದರ ಗತಿಯೇನು ಎಂದು ಕೇಳಿದರೆ ಸಂಘದ ಕಾರ್ಯದರ್ಶಿಗಳೇ ಮುಖ ನೋಡುತ್ತಾರೆ.

ಪೂರ್ವಪಕ್ಷವನ್ನು ನಾನು ಬಲ್ಲೆನು. ‘ಮೂಲಭೂತ ಹಕ್ಕು ಸರ್ಕಾರದ ಎದುರಿಗೆ, ನಮ್ಮೆದುರಿಗಲ್ಲ. ಮೇಲಾಗಿ ಅವಳೇ ಒಪ್ಪಿ ಕೊಟ್ಟಿದ್ದಾಳೆ. ಕಳ್ಳತನವಾದರೆ ಹೊಣೆ ಯಾರು?’ ಮೊದಲನೆಯದು ವಕೀಲರು ಆಡತಕ್ಕ ಮಾತು; ಅದನ್ನು ಅವರಿಗೇ ಬಿಡುವೆನು. ಎರಡನೆಯದನ್ನು ಬಿಡಲಾರೆನು. ಕೊಡದಿದ್ದರೆ ನಾಳೆ ಒಲೆಯುರಿಯದೆಂದು ಬಲ್ಲವಳ ಒಪ್ಪಿಗೆಯು ಎಂತಹ ಒಪ್ಪಿಗೆ? ಕಂಪನಿಗಳು ನಮ್ಮಿಂದ ಇಂತಹ ‘ಸ್ವ-ಇಚ್ಛೆ’ಯನ್ನು ಬರೆಯಿಸಿಕೊಂಡಾಗ ಕೆರಳುವವರು ನಾವೇ ಅಲ್ಲವೆ? ಕಳ್ಳತನದ ಭಯವಾದರೋ, ಗುರುತನ್ನು ನೋಡಿ ಚೀಟಿಯನ್ನು ಕೂಡಲೆ ಹಿಂದಿರುಗಿಸಲು ಅಡ್ಡಿಯೇನು? ಕೊನೆಯ 4 ಅಂಕಿಗಳ ಹೊರತು ಮಿಕ್ಕವು ಮರೆಯಾಗಿರುವ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ. ಅಷ್ಟೂ ತಿಳಿಯದವರು ಮಕ್ಕಳಿಗೆ ಪೌರನೀತಿಯನ್ನು ಹೇಳಿಕೊಡುತ್ತಿರುವುದು ಸೋಜಿಗವೇ ಸರಿ!

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ನಕಲುಗಳ ಕಟ್ಟನ್ನು ಮೇಜಿನ ಮೇಲಿರಿಸುವಂತೆ ಸದಸ್ಯರು ಕೇಳತಕ್ಕದ್ದು. ಅವರವರದನ್ನು ಅವರವರಿಗೆ ಹಿಂದಿರುಗಿಸತಕ್ಕದ್ದು. ಚೀಲದ ಶೋಧನೆಗೆ ಸಭೆಯವರೆಗೆ ಕಾಯಬೇಕಾಗಿಲ್ಲ. ಅದನ್ನು ನಾಳೆಯ ಬೆಳಗ್ಗೆಯೇ ನಿಲ್ಲಿಸಬಹುದು.