ಮಳೆಯ ಲೆಕ್ಕ ಬಾಡಿಗೆಗೆ. ನೋಡುವ ಹಕ್ಕು ಯಾರಿಗೆ?

ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ, ಶಾಮಿಯಾನ ಬಾಡಿಗೆಗೆ ಸಿಗುತ್ತದೆ. ಈಗ ಮಳೆಯ ಲೆಕ್ಕವನ್ನೂ ಸರ್ಕಾರ ಬಾಡಿಗೆಗೆ ಪಡೆಯಲು ಹೊರಟಿದೆ. ಬೆಳೆ ವಿಮೆಗೆಂದು ಕೇಂದ್ರ ರೂಪಿಸಿರುವ ‘ವಿಂಡ್ಸ್’ ಯೋಜನೆಯಲ್ಲಿ ಬ್ಲಾಕ್‌ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರ, ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಬರಬೇಕು. 2025ರ ಜನವರಿ 1ರಂದು ಕೇಂದ್ರ ಸಚಿವ ಸಂಪುಟ ಬೆಳೆ ವಿಮೆ ಯೋಜನೆ ಮುಂದುವರಿಸಲು ಒಪ್ಪಿಗೆ ಕೊಟ್ಟಾಗ ಹೊರಬಿದ್ದ ಪ್ರಕಟಣೆಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಸಾಲಿತ್ತು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಇದಕ್ಕೆ ಕೊಡಬೇಕಾದ್ದು ದತ್ತಾಂಶದ ಬಾಡಿಗೆ ಮಾತ್ರ ಎಂಬುದೇ ಆ ಸಾಲು. ಜಾರಿಗೆ ತರುತ್ತಿರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಅಂದರೆ ಯಂತ್ರ ನೆಟ್ಟು ನೋಡಿಕೊಳ್ಳುವುದು ಟೆಂಡರ್ ಪಡೆದ ಕಂಪನಿ, ಸರ್ಕಾರದ ಕೈಗೆ ಬರುವುದು ಅಂಕಿ.

ಬಾಡಿಗೆ ಪದ್ಧತಿಯೇ ತಪ್ಪು ಎಂಬುದು ನನ್ನ ವಾದವಲ್ಲ. ನಮ್ಮ ರಾಜ್ಯಕ್ಕೆ ಸ್ವಂತ ವ್ಯವಸ್ಥೆಯಿದೆ, ಅದೂ ಹೆಮ್ಮೆಪಡುವಂಥದ್ದು. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಪಂಚಾಯ್ತಿಗೊಂದರಂತೆ 6,000ಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ಹೊಂದಿದೆ. ಆದರೆ ಯಂತ್ರ ಕೊಂಡು ಬಿಲ್ ಪಾಸಾದ ಮೇಲೆ ಅದರ ಗೋಳು ಕೇಳುವವರು ಕಡಿಮೆ. ಮಳೆಮಾಪಕ ಕೆಟ್ಟು ನಿಂತಿದೆ, ವಿಮೆ ಹಣಕ್ಕೆ ಕಲ್ಲು ಬಿದ್ದಿದೆ ಎಂಬ ಕರಾವಳಿ, ಮಲೆನಾಡಿನ ಅಡಿಕೆ ಬೆಳೆಗಾರರ ದೂರು ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅಂಕಿ ಬಂದರೆ ಮಾತ್ರ ಹಣ ಎಂದಾಗ ಕಂಪನಿಯವರು ಯಂತ್ರದ ಕಡೆ ತಿರುಗಿಯಾದರೂ ನೋಡುತ್ತಾರೆ. ತೊಂದರೆ ಇರುವುದೂ ಅಲ್ಲೇ. ಅಂಕಿಗೆ ಹಣ ಎಂದರೆ ಹೇಗಾದರೂ ಒಂದು ಅಂಕಿ ಕಳಿಸಿದರಾಯಿತು ಎಂಬ ಆಸೆಯೂ ಹುಟ್ಟಬಹುದು.

ಹೇಗೆ ಎನ್ನುವುದಕ್ಕೆ ಯಂತ್ರದ ಒಳಗೆ ಇಣುಕಬೇಕು. ಮೇಲೆ ಒಂದು ಆಲಿಕೆ, ಅದರ ಕೆಳಗೆ ತೊಟ್ಟಿಲಿನಂತೆ ತೂಗುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದೊಡನೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಒಂದು ಆಯಸ್ಕಾಂತದ ಸ್ವಿಚ್ ಎಣಿಕೆ ಕಳಿಸುತ್ತದೆ. ಎಣಿಕೆಯನ್ನು ಒಂದು ಬಟ್ಟಲಿನ ಅಳತೆಗೆ ಗುಣಿಸಿದರೆ ಮಿಲಿಮೀಟರ್ ಲೆಕ್ಕದಲ್ಲಿ ಮಳೆ. ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಕೂಡ ಕಟ್ಟಬಹುದಾದ ಸರಳ ಯಂತ್ರ. ಆದರೆ ಆಲಿಕೆಯಲ್ಲಿ ಒಂದು ಎಲೆ ಸಿಕ್ಕಿಕೊಂಡರೆ, ಜೇಡ ಬಲೆ ಹೆಣೆದರೆ, ಹೊರಗೆ ಧೋ ಎಂದು ಸುರಿದರೂ ಒಳಗೆ ಸೊನ್ನೆ. ಸಿಮ್ ಸಿಗ್ನಲ್ ಇಲ್ಲದಿದ್ದರೆ ಅಂಕಿಯೇ ಇಲ್ಲ. ಆಗ ಕಂಪ್ಯೂಟರ್ ಅಕ್ಕಪಕ್ಕದ ಕೇಂದ್ರಗಳ ಅಂಕಿ ಹಿಡಿದು ಮಧ್ಯದ ಊರಿಗೆ ಒಂದು ಅಂದಾಜು ತುಂಬಬಲ್ಲದು. ಲೆಕ್ಕದ ಮಟ್ಟಿಗೆ ಅದು ಒಪ್ಪತಕ್ಕ ವಿಧಾನ. ನಮ್ಮ ಹರಪನಹಳ್ಳಿ ಸೀಮೆಗೆ ಒಪ್ಪುವುದು ಕಷ್ಟ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ನೆನೆಯದಂಥ ಮಳೆ ಇಲ್ಲಿಯದು. ಪಕ್ಕದ ಊರಿನ ಹಳ್ಳ ಹರಿದ ದಿನ ನೀಲಗುಂದದ ಮೆಕ್ಕೆಜೋಳ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ.

2023ರಂಥ ವರ್ಷದಲ್ಲಿ ಇದು ಅಷ್ಟು ತಟ್ಟುವುದಿಲ್ಲ. ಆಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಒಂದು ಯಂತ್ರ ಸುಳ್ಳು ಹೇಳಿದರೂ ಉಳಿದವು ಸಾಕ್ಷಿ ಹೇಳುತ್ತಿದ್ದವು. ಕಷ್ಟ ಬರುವುದು ಒಂದು ಹೋಬಳಿಗೆ ಬಂದು ಇನ್ನೊಂದಕ್ಕೆ ಕೈಕೊಟ್ಟ ವರ್ಷದಲ್ಲಿ. ಹವಾಮಾನ ಆಧಾರಿತ ವಿಮೆಯಲ್ಲಂತೂ ಪರಿಹಾರ ನಿರ್ಧಾರವಾಗುವುದು ಯಂತ್ರದ ಅಂಕಿಯ ಮೇಲೆಯೇ, ಹೊಲ ನೋಡಿ ಅಲ್ಲ. ಪ್ರೀಮಿಯಂ ಕಟ್ಟಿದ ರೈತನಿಗೆ ಆ ಅಂಕಿ ಅಳೆದದ್ದೋ ತುಂಬಿದ್ದೋ ತಿಳಿಯಬೇಡವೇ?

ಕೇಳಬಹುದಲ್ಲ, ಮಾಹಿತಿ ಹಕ್ಕು ಇದೆಯಲ್ಲ ಎನ್ನುತ್ತೀರಿ. 2005ರ ಆ ಕಾಯ್ದೆಯ ಸೆಕ್ಷನ್ 8(1)(ಡಿ) ಓದಿ. ವಾಣಿಜ್ಯ ಗೋಪ್ಯತೆ, ವ್ಯಾಪಾರ ರಹಸ್ಯದ ಹೆಸರಿನಲ್ಲಿ ಮಾಹಿತಿ ನಿರಾಕರಿಸಲು ಅಲ್ಲಿ ಅವಕಾಶವಿದೆ. ಸಾರ್ವಜನಿಕ ಹಿತ ದೊಡ್ಡದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಕೊಡುತ್ತಾರೆ. ಸರ್ಕಾರಿ ಹಣದಿಂದ ಸಂಗ್ರಹಿಸಿದ ದತ್ತಾಂಶ ಜನರಿಗೆ ಸಿಗಬೇಕೆಂದು 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಹೇಳುತ್ತದೆ. ಆದರೆ ಬಾಡಿಗೆ ಯಂತ್ರದ ಅಂಕಿಗೆ ‘ಇದು ನಮ್ಮ ಮಾಲು’ ಎಂಬ ತಕರಾರು ಏಳುವುದು ಸುಲಭ. ಒಬ್ಬ ರೈತ ತನ್ನ ಹೊಲದ ಮಳೆಗಾಗಿ ಮೇಲ್ಮನವಿ ಹಾಕಿಕೊಂಡು ಓಡಾಡಬೇಕೆ?

ಆದ್ದರಿಂದ ಜಗಳವೆಲ್ಲ ಟೆಂಡರ್ ಹಂತದಲ್ಲೇ ಮುಗಿಯಬೇಕು. ಅಮೆರಿಕದ ಹವಾಮಾನ ಸಂಸ್ಥೆ ‘ನೋವಾ’ 2020ರ ನವೆಂಬರ್‌ನಲ್ಲಿ ದೈನಂದಿನ ಮುನ್ಸೂಚನೆಗಾಗಿ ಜಿಯೋಆಪ್ಟಿಕ್ಸ್, ಸ್ಪೈರ್ ಎಂಬ ಎರಡು ಕಂಪನಿಗಳಿಂದ ಉಪಗ್ರಹ ದತ್ತಾಂಶ ಕೊಂಡಿತು. ಅಂಥ ಖರೀದಿಯಲ್ಲಿ ಬೆಲೆಯಷ್ಟೇ ಮುಖ್ಯವಾದದ್ದು ಪರವಾನಗಿ. ಕೊಂಡದ್ದನ್ನು ಯಾರೊಂದಿಗೆ, ಎಷ್ಟು ಹೊತ್ತಿನ ನಂತರ ಹಂಚಬಹುದು ಎಂಬುದನ್ನು ಮೊದಲೇ ಬರೆದುಕೊಳ್ಳುತ್ತಾರೆ. ನಮ್ಮ ಕೃಷಿ ಇಲಾಖೆಯೂ ಚೌಕಾಸಿ ಮಾಡಬೇಕಾದ್ದು ದರಕ್ಕಷ್ಟೇ ಅಲ್ಲ. ಯಂತ್ರದ ಮೂಲ ಎಣಿಕೆ ಅಂದಂದೇ ಎಲ್ಲರಿಗೂ ಕಾಣುವಂತೆ ವೆಬ್‌ಸೈಟಿಗೆ ಬರಬೇಕು. ತುಂಬಿದ ಅಂಕಿಗೆ ಬೇರೆ ಗುರುತು ಇರಬೇಕು. ಕಂಪನಿ ಬದಲಾದ ದಿನ ಹಳೆಯ ವರ್ಷಗಳ ಲೆಕ್ಕ ಅದರ ಜತೆ ಹೋಗಬಾರದು, ಏಕೆಂದರೆ ಮೂವತ್ತು ವರ್ಷದ ಸರಾಸರಿ ಇಲ್ಲದೆ ಮಳೆ ಕೊರತೆ ಎಂಬ ಮಾತಿಗೆ ಅರ್ಥವೇ ಇಲ್ಲ. ಇಷ್ಟಕ್ಕೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೊಡಲಿ.

ಇದರಲ್ಲಿ ನಮ್ಮ ಸ್ವಾರ್ಥವೂ ಇದೆ ಅನ್ನಿ. ಅಮೆರಿಕ 1980ರ ದಶಕದಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳ ಮಾರಾಟವನ್ನು ಖಾಸಗಿ ಕಂಪನಿಗೆ ಒಪ್ಪಿಸಿತ್ತು. ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು, ಬಳಸುವವರು ಕಡಿಮೆಯಾದರು. 2008ರಲ್ಲಿ ಉಚಿತ ಮಾಡಿದ ಮೇಲೆ ಬಳಕೆ ಎಷ್ಟೋ ಪಟ್ಟು ಬೆಳೆಯಿತು. ಇಂದು ಯಾವುದೇ ಊರಿನ ವಿದ್ಯಾರ್ಥಿ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಅದನ್ನು ಪೈಸೆ ಕೊಡದೆ ಇಳಿಸಿಕೊಳ್ಳಬಹುದು. ಪಂಚಾಯ್ತಿವಾರು ಮಳೆಯ ಲೆಕ್ಕ ಹಾಗೆ ಸಿಕ್ಕರೆ ಕೆರೆ, ಚೆಕ್‌ಡ್ಯಾಂ, ಬಿತ್ತನೆ ದಿನದ ಬಗ್ಗೆ ನಮ್ಮ ಪ್ರಾಜೆಕ್ಟ್‌ಗಳು ಫೋಟೊಕಾಪಿ ಅಂಗಡಿಯಲ್ಲಿ ಹುಟ್ಟುವುದು ತಪ್ಪೀತು. ಅಳತೆ ಮಾಡಿದ ನೀರನ್ನು ನಿಧಾನವಾಗಿ ಸುರಿದು ಯಂತ್ರ ಸರಿಯಾಗಿ ಎಣಿಸುತ್ತಿದೆಯೇ ಎಂದು ಆಗಾಗ ಪರೀಕ್ಷಿಸುವ ಕೆಲಸವೂ ಇದೆ. ಅದಕ್ಕೆ ಬೆಂಗಳೂರಿನಿಂದ ಎಂಜಿನಿಯರ್ ಬರಬೇಕಿಲ್ಲ, ಊರಿನಲ್ಲೇ ಇರುವ ಐಟಿಐ, ಡಿಪ್ಲೊಮಾ ಓದಿದವರನ್ನು ನೇಮಿಸಿಕೊಳ್ಳಿ ಎಂದು ಒಪ್ಪಂದದಲ್ಲಿ ಸೇರಿಸಬಹುದು.

ಯಂತ್ರ ನೆಡಲು ಜನ ಬಂದಾಗ ಗ್ರಾಮಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇನ್ನೂ ಸುಲಭದ್ದು: ಎಲ್ಲಿ ನೆಡುತ್ತೀರಿ? ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವಿದೆಯೋ ಅದರ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಳೆಮಾಪಕ ಇರಬೇಕು. ಪಂಚಾಯ್ತಿ ಕಚೇರಿ ಹಿಂದಿನ ಬೇವಿನ ಮರದ ಬುಡ ಆಗದು. ಅಳೆದು ನೋಡಲು ಪಂಚಾಯ್ತಿಯಲ್ಲೇ ಟೇಪು ಇರುತ್ತದೆ.