ಕರೆಂಟ್ ಕಾರೋ, ಹಳೇ ಪೆಟ್ರೋಲ್ ಕಾರೋ? ಮೊದಲು ನಿಮ್ಮ ಓಡಾಟ ಬರೆದಿಡಿ

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಬೆಳಗೋಡು ಹೋಬಳಿಯಲ್ಲಿ ನಾಲ್ಕು ಎಕರೆ ಹೊಲ, ಮಳೆ ನಂಬಿದ ಬೇಸಾಯ. ಆಲೂಗಡ್ಡೆಗೆ ಅಂಗಮಾರಿ ಕಾಟ ಜಾಸ್ತಿಯಾದ ಮೇಲೆ ಹೆಚ್ಚಾಗಿ ಮುಸುಕಿನ ಜೋಳ ಹಾಕ್ತೀನಿ. ಇಂಥವನಿಗೆ ಕಾರು ಯಾಕೆ ಅಂತ ಓದುಗರು ಕೇಳಬಹುದು. ಶೋಕಿಗಲ್ಲ. ನಮ್ಮ ಆಲೂರು-ಸಕಲೇಶಪುರ ಕಡೆ ಕತ್ತಲಾದ ಮೇಲೆ ಬೈಕಿನಲ್ಲಿ ಹೋಗೋಕೆ ಭಯ. ಯಾವ ತಿರುವಿನಲ್ಲಿ ಆನೆ ನಿಂತಿದೆಯೋ ಗೊತ್ತಾಗೋದಿಲ್ಲ. ಹೋದ ಮಳೆಗಾಲದಲ್ಲಿ ನಮ್ಮವ್ವನಿಗೆ ರಾತ್ರಿ ಉಸಿರು ಕಟ್ಟಿದಾಗ ಬಾಡಿಗೆ ಗಾಡಿಗೆ ಒಂದೂವರೆ ಗಂಟೆ ಕಾದೆವು. ಅವ್ವ ಉಳಿದಳು. ಆದರೆ ಮನೇಲೊಂದು ಕಾರು ಇರಲೇಬೇಕು ಅಂತ ಅವತ್ತೇ ತೀರ್ಮಾನ ಆಯ್ತು.

ಬೆಂಗಳೂರಿನಲ್ಲಿರೋ ಮಗ, 'ಅಪ್ಪಾಜಿ, ಕರೆಂಟಿಂದೇ ತಗೊಳನ. ಕಿಲೋಮೀಟರಿಗೆ ಒಂದೇ ರೂಪಾಯಿ. ಹೊಗೆ ಇಲ್ಲ, ಆಯಿಲ್ ಬದಲಾಯಿಸೋದಿಲ್ಲ' ಅಂದ. ಅವನ ಮಾತು ಸುಳ್ಳಲ್ಲ. ಕರೆಂಟ್ ಕಾರು ನಮಗೆ ತೀರಾ ಹೊಸದೂ ಅಲ್ಲ. ರೇವಾ ಅನ್ನೋ ಪುಟ್ಟ ಕಾರು 2001ರಲ್ಲೇ ಬೆಂಗಳೂರಿನಿಂದ ಹೊರಟಿತ್ತು. 2022ರಲ್ಲಿ ಟಾಟಾ ಟಿಯಾಗೊ ಕರೆಂಟ್ ಕಾರು 8.49 ಲಕ್ಷದ ಆರಂಭಿಕ ಬೆಲೆಗೆ ಬಂದ ಮೇಲೆ ನಮ್ಮಂಥವರ ಮನೇಲೂ ಇದರ ಮಾತು ಶುರುವಾಯ್ತು. ಆದರೆ ಸಾಲದ ಕಾಗದಕ್ಕೆ ಸಹಿ ಹಾಕೋನು ನಾನು. ಹಾಗಾಗಿ ಲೆಕ್ಕ ಮಾಡಿದೆ.

ಲೆಕ್ಕ ಹೀಗಿದೆ

ಆ ಕಾರಿನ ದೊಡ್ಡ ಬ್ಯಾಟರಿ 24 ಯೂನಿಟ್ಟಿಂದು. ಚಾರ್ಜ್ ಆಗುವಾಗ ಪೋಲಾಗೋದೂ ಸೇರಿ 27 ಯೂನಿಟ್ ಅಂತ ಇಟ್ಟುಕೊಂಡೆ. ನಮ್ಮ ಏರು-ಇಳಿಜಾರಿನ ರಸ್ತೆಯಲ್ಲಿ 180 ಕಿಲೋಮೀಟರ್ ಓಡಿದರೆ ಸಾಕು ಅಂದುಕೊಂಡೆ. ಯೂನಿಟ್ಟಿಗೆ ಎಲ್ಲ ಸೇರಿ 7 ರೂಪಾಯಿ ಹಿಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಹಳೇ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೆ, ಲೀಟರಿಗೆ ನೂರು ರೂಪಾಯಿಯಂತೆ, ಆರೂವರೆ ರೂಪಾಯಿ ಬೀಳುತ್ತೆ. ವ್ಯತ್ಯಾಸ ಐದೂವರೆ ರೂಪಾಯಿ. ಇಲ್ಲಿವರೆಗೆ ಮಗನೇ ಗೆದ್ದ.

ಆಮೇಲೆ ಒಂದು ತಿಂಗಳು ನಮ್ಮ ಮನೆಯವರ ಓಡಾಟವನ್ನೆಲ್ಲ ಹಳೇ ಡೈರಿಯಲ್ಲಿ ಬರೆದಿಟ್ಟೆ. ಬಾಳ್ಳುಪೇಟೆ ಸಂತೆ, ಆಲೂರು ಕಚೇರಿ, ಹಾಸನದ ಆಸ್ಪತ್ರೆ, ಒಂದು ಮದುವೆ. ಎಲ್ಲ ಕೂಡಿದರೆ 400 ಕಿಲೋಮೀಟರ್ ಆಸುಪಾಸು. ವರ್ಷಕ್ಕೆ 5,000 ಅನ್ನಿ. ಅಂದರೆ ಉಳಿಯೋದು ವರ್ಷಕ್ಕೆ 27,500 ರೂಪಾಯಿ.

ಹೊಸದಕ್ಕೆ 9 ಲಕ್ಷ, ನಾನು ನೋಡಿದ ಹಳೇದಕ್ಕೆ ಎರಡೂವರೆ. ಹೆಚ್ಚಿಗೆ ಬೇಕಾದ ಆರೂವರೆ ಲಕ್ಷವನ್ನು ಶೇ. 9ರ ಬಡ್ಡಿಗೆ ತಂದರೆ ಮೊದಲ ವರ್ಷದ ಬಡ್ಡಿಯೇ 58 ಸಾವಿರ ಚಿಲ್ಲರೆ. ಹಳೇ ಕಾರಿನ ರಿಪೇರಿಗೆ ವರ್ಷಕ್ಕೆ 20 ಸಾವಿರ ಹಿಡಿದರೂ ಪೆಟ್ರೋಲ್ ಉಳಿತಾಯದ ಜೊತೆ ಕೂಡಿ 47,500. ಬಡ್ಡಿಗೇ ಸಾಲಲಿಲ್ಲ. ಅಸಲು ಯಾರು ಕಟ್ಟೋದು? ಮಳೆ ಕೈಕೊಟ್ಟ ವರ್ಷ ಜೋಳ ಕಟ್ಟುತ್ತದೆಯೇ?

ಕರೆಂಟಿನ ಮಾತು

2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಪುಕ್ಕಟೆ. ಅದಕ್ಕಿಂತ ಹೆಚ್ಚು ಉರಿಸಿದರೆ ಹೆಚ್ಚಿಗೆಯದಕ್ಕೆ ದುಡ್ಡು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 70 ಯೂನಿಟ್ ಸುಡೋ ಮನೆಗೆ ನನ್ನ ಓಡಾಟದ 60 ಸೇರಿದರೆ ತೊಂದರೆ ಇಲ್ಲ. ತಿಂಗಳಿಗೆ 900 ಕಿಲೋಮೀಟರ್ ಓಡಿಸೋರು ಮಾತ್ರ ಎಚ್ಚರ ವಹಿಸಬೇಕು. ಹಳೇ ಮನೆಗಳಿಗೆ 15 ಆಂಪಿಯರ್ ಪ್ಲಗ್ಗು, ದಪ್ಪ ವೈರು, ಒಳ್ಳೆ ಅರ್ಥಿಂಗ್ ಮಾಡಿಸೋದು ಬೇರೆ ಖರ್ಚು.

ಇನ್ನೊಂದಿದೆ. ಆಷಾಢದ ಗಾಳಿಗೆ ತಂತಿ ಮೇಲೆ ಮರ ಬಿದ್ದರೆ ನಮ್ಮೂರಲ್ಲಿ ಮೂರು ದಿನ ಕರೆಂಟಿಲ್ಲದ್ದೂ ಉಂಟು. ಅವ್ವನಿಗೆ ಉಸಿರು ಕಟ್ಟಿದ್ದೂ ಅಂಥದೇ ರಾತ್ರಿ. ಮೊದಲೇ ಚಾರ್ಜ್ ತುಂಬಿಸಿ ಇಟ್ಟಿರಬಹುದಲ್ಲ ಅಂತ ಮಗ ಹೇಳ್ತಾನೆ. ನಿಜ. ಆದರೆ ಹೊಲದಿಂದ ಸುಸ್ತಾಗಿ ಬಂದೋನು ಮರೆಯೋದೂ ನಿಜ. ಪೆಟ್ರೋಲಾದರೆ ಐದು ಲೀಟರ್ ಯಾರಾದರೂ ತಂದುಕೊಡ್ತಾರೆ.

ಯಾರಿಗೆ ಯಾವುದು?

ಕರೆಂಟ್ ಕಾರು ಬೇಡ ಅಂತ ನಾನು ಹೇಳ್ತಿಲ್ಲ. ದಿನಾ ಹಾಸನಕ್ಕೆ ಹೋಗಿ ಬರೋ ಮೇಷ್ಟ್ರು ವರ್ಷಕ್ಕೆ 20,000 ಕಿಲೋಮೀಟರ್ ಓಡಿಸಿದರೆ 1,10,000 ರೂಪಾಯಿ ಉಳಿಯುತ್ತೆ. ಅವರಿಗೆ ಅದೇ ಸರಿ. ಕೈಯಲ್ಲಿ ದುಡ್ಡಿರೋ ತೋಟದವರಿಗೂ ಸರಿ. ಸಾಲ ಮಾಡಿ, ವಾರಕ್ಕೆರಡು ಸಲ ಗಾಡಿ ತೆಗೆಯೋ ನನ್ನಂಥವನಿಗೆ ಅಲ್ಲ. ಹೊಗೆಯ ವಿಷಯಕ್ಕೂ ಅಷ್ಟೆ, ಹೆಚ್ಚು ಓಡೋ ಗಾಡಿ ಮೊದಲು ಬದಲಾಗಲಿ.

ಹಾಗಂತ ಹಳೇದನ್ನು ಕಣ್ಣುಮುಚ್ಚಿ ತಗೋಬೇಡಿ. ನಮ್ಮ ನೆಂಟರೊಬ್ಬರು ಕೊಂಡ ಕಾರಿನ ಮೇಲೆ ಹಿಂದಿನವನ ಸಾಲ ಹಾಗೇ ಇತ್ತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆದಿದೆಯೇ ನೋಡಿ. ನೋಂದಣಿಯ 15 ವರ್ಷದಲ್ಲಿ ಎಷ್ಟು ಬಾಕಿ ಇದೆ ಎಣಿಸಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಲೆನಾಡಿನಲ್ಲಿ ಓಡಿದ ಗಾಡಿಯಾದರೆ ಮೇಲಿನ ಬಣ್ಣ ನೋಡಬೇಡಿ, ಮೆಕ್ಯಾನಿಕ್ಕನ್ನು ಕರೆದೊಯ್ದು ಅಡಿಯ ತುಕ್ಕು ನೋಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರೋದರಿಂದ ತೀರಾ ಹಳೇ ಕಾರಿನ ರಬ್ಬರ್ ಪೈಪುಗಳನ್ನೂ ಪರೀಕ್ಷಿಸಿ.

ನಾನು ಹಳೇ ಪೆಟ್ರೋಲ್ ಕಾರನ್ನೇ ತಂದೆ. ಮಗನಿಗೆ ಸ್ವಲ್ಪ ಬೇಜಾರು. ಮಾಡದೇ ಉಳಿದ ಸಾಲ ಕೃಷಿ ಹೊಂಡಕ್ಕೆ ಇರಲಿ ಅಂದಿದ್ದೀನಿ. ನೀರು ನಿಂತರೆ ಬೆಳೆ ಬರುತ್ತೆ, ಬೆಳೆ ಬಂದರೆ ಮುಂದೆ ಅವನು ಹೇಳಿದ ಕಾರೂ ಬರಬಹುದು.

ಹಳ್ಳಿಯಲ್ಲಿ ಕರೆಂಟ್ ಕಾರು ಇಟ್ಟುಕೊಂಡಿರೋ ಕೃಷಿಕರು ತಮ್ಮ ಖರ್ಚಿನ ಲೆಕ್ಕ ಬರೆದು ಕಳಿಸಲಿ. ನನ್ನ ಲೆಕ್ಕ ತಪ್ಪಿದ್ದರೆ ತಿದ್ದಿಕೊಳ್ತೀನಿ.