ಮೊದಲ ವಾರದ ಅಪ್ಪುಗೆ

ವಿದೇಶದ ಕ್ರೈಸ್ತ ಅನಾಥಾಲಯಗಳಿಗೆ ಸ್ವಯಂಸೇವಕರಾಗಿ ತೆರಳುವ ಯುವಜನರು ಮೊದಲ ವಾರದಲ್ಲಿ ಬರೆಯುವ ಪತ್ರಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಗೇಟಿನೊಳಗೆ ಕಾಲಿಟ್ಟೊಡನೆ ಮಕ್ಕಳು ಓಡಿಬಂದು ತಬ್ಬಿಕೊಂಡವು, ಹೆಸರು ಕೇಳುವ ಮೊದಲೇ ಮಡಿಲೇರಿದವು ಎಂದು. ಓದಿ ನಾವೂ ಕಣ್ಣು ಒದ್ದೆ ಮಾಡಿಕೊಂಡದ್ದುಂಟು. ಆದರೆ ತಾಯಿಯ ಮಡಿಲಲ್ಲಿ ಬೆಳೆದ ಕೂಸು ಅಪರಿಚಿತರನ್ನು ಕಂಡರೆ ಸೆರಗಿನ ಮರೆಗೆ ಸರಿಯುತ್ತದೆಯಲ್ಲವೇ? ತಿಂಗಳಿಗೊಬ್ಬರಂತೆ ಬಂದವರೆಲ್ಲ ಹೊರಟುಹೋಗುವುದನ್ನು ಕಂಡ ಕೂಸು ಮಾತ್ರ ಕಂಡಕಂಡವರನ್ನು ಹಾಗೆ ತಬ್ಬೀತು.

ಕಾಂಬೋಡಿಯದ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳಲ್ಲಿ ಬಹುಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂದು ಯುನಿಸೆಫ್ ತಿಳಿಸಿದೆ. ಅವರನ್ನು ಅಲ್ಲಿಗೆ ತಂದದ್ದು ಬಡತನ ಮತ್ತು ಶಾಲೆಯ ಆಸೆ. ಪ್ರವಾಸಿಗರ ಕಾಣಿಕೆ ಹೆಚ್ಚಿದಂತೆ, ಅನಾಥರಲ್ಲದವರಿಗೂ ಅನಾಥಾಲಯಗಳು ಹೆಚ್ಚಿದವು! ಉಗಾಂಡದ ಕಥೋಲಿಕ ಧರ್ಮಭಗಿನಿಯರು 2016ರಲ್ಲಿ ಬೇರೆ ದಾರಿ ಹಿಡಿದರು. ತಮ್ಮ ಆಲಯಗಳ ಮಕ್ಕಳ ಮನೆಗಳನ್ನು ಹುಡುಕಿ, ಸಾಧ್ಯವಾದೆಡೆ ಕುಟುಂಬಕ್ಕೇ ಮರಳಿಸುವ ಸೇವೆಯದು.

ಸಂತ ಯಕೋಬರ ಪತ್ರವು ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೇ ಹೆಸರಿಸುತ್ತದೆ. ನಾವೋ ತಾಯಿಯನ್ನು ಬಿಟ್ಟು ಮಗುವನ್ನಷ್ಟೇ ಪೊರೆಯಲು ಹೊರಟೆವು. ಹೊರಡುವ ಯುವಜನರು ಟಿಕೆಟು ಕೊಳ್ಳುವ ಮೊದಲು ಆ ಆಲಯಕ್ಕೆ ಒಂದು ಪ್ರಶ್ನೆ ಬರೆದು ಕೇಳಲಿ: ಈ ಮಕ್ಕಳ ತಾಯಂದಿರು ಎಲ್ಲಿದ್ದಾರೆ?